ಮೊಣಕಾಲಿನ ಹೊಸ ಕೀಲೂ ಮೈಯ ಹಳೆಯ ಕಟ್ಟೂ

ನಡುವಯಸ್ಸನ್ನು ದಾಟಿದವರು ನಾಲ್ವರು ಸೇರಿದ ಕಡೆಯಲ್ಲಿ ಮೊಣಕಾಲಿನ ಮಾತು ಬಾರದೆ ಇರುವುದು ಈಗ ಅಪರೂಪ. ಹಿಂದೆ ಕಾಶೀಯಾತ್ರೆ ಮಾಡಿ ಬಂದವರನ್ನು ವಿಚಾರಿಸುತ್ತಿದ್ದಂತೆ ಈಗ “ಮಂಡಿಯನ್ನು ಬದಲಾಯಿಸಿಕೊಂಡು ಎಷ್ಟು ದಿನವಾಯಿತು?” ಎಂದು ವಿಚಾರಿಸುವರು. ಈ ಶಸ್ತ್ರಕ್ರಿಯೆಯ ಉಪಕಾರವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಊರುಗೋಲನ್ನು ಮೂಲೆಗಿಟ್ಟು ದೇವಸ್ಥಾನದ ಮೆಟ್ಟಿಲುಗಳನ್ನು ಹತ್ತಿ ಬಂದ ವೃದ್ಧರನ್ನು ನಾನೇ ಕಂಡಿದ್ದೇನೆ. ಆದರೆ ಒಂದು ಬಗೆಯ ಮೈಕಟ್ಟು ಉಳ್ಳವರಲ್ಲಿ, ಶಸ್ತ್ರಕ್ರಿಯೆಯು ಯಥಾವತ್ತಾಗಿ ನಡೆದಂತೆ ತೋರಿದರೂ, ಹೊಸ ಮೊಣಕಾಲು ನೆಲೆ ನಿಲ್ಲದೆ ಜಾರುವುದುಂಟು. ಅದೇಕೆ ಹಾಗಾಗುವುದು, ಅದನ್ನು ಮುಂಚಿತವಾಗಿ ಊಹಿಸುವ ಬಗೆ ಹೇಗೆ ಎಂಬುದನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ವೃತ್ತಾಂತದ ಮೂಲಕ ಗೃಹಸ್ಥ ವಾಚಕರ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಮೂವತ್ತು ವರ್ಷ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು. ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ಅರ್ಥವಾದಷ್ಟನ್ನು ಬರೆದಿದ್ದೇನೆ.

ನನ್ನ ಅಕ್ಕನಿಗೆ ಈಗ 68 ವರ್ಷ. ಬಾಲ್ಯದಲ್ಲಿ ಅವಳು ನಮ್ಮ ಬೀದಿಯ ಮಕ್ಕಳಿಗೆಲ್ಲ ಒಂದು ವಿನೋದವಾಗಿದ್ದಳು. ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ಮುಂದೋಳಿಗೆ ತಾಕಿಸುವಳು; ಕಿರುಬೆರಳನ್ನು ನೆಟ್ಟಗೆ ಹಿಂದಕ್ಕೆ ನಿಲ್ಲಿಸುವಳು; ಮೊಣಕಾಲನ್ನು ಮಡಿಸದೆ ಬಗ್ಗಿ ಎರಡು ಅಂಗೈಗಳನ್ನೂ ನೆಲಕ್ಕೆ ಹತ್ತಿಸುವಳು. “ಇವಳ ಮೈಯಲ್ಲಿ ಮೂಳೆಯೇ ಇಲ್ಲ, ಬರಿಯ ಬಳ್ಳಿ” ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಇದರೊಡನೆ ಬೇರೆ ಸಂಗತಿಗಳೂ ಇದ್ದುವು. ನಡೆಯುತ್ತ ನಡೆಯುತ್ತಲೇ ಅವಳ ಕಾಲು ಉಳುಕುತ್ತಿತ್ತು. ಒಮ್ಮೆ ಬಾವಿಯಿಂದ ನೀರು ಸೇದುವಾಗ ಭುಜದ ಕೀಲು ಕಳಚಿ, ಊರಿನ ಗರಡಿಯ ವಸ್ತಾದನು ಬಂದು ಕೂರಿಸಿದನು. ಮಂಚದ ಕಾಲು ತಗಲಿದರೂ ಮೈ ಕಂದಿ ನೀಲಿಯಾಗುವುದು. ಗಾಯವು ಮಾಗಿದ ಮೇಲೆ ಅಲ್ಲಿ ತೆಳ್ಳನೆಯ ಕಾಗದದಂತಹ ಅಗಲವಾದ ಕಲೆ ಉಳಿಯುವುದು. ಇವೆಲ್ಲವೂ ಒಂದೇ ಸೂತ್ರದಲ್ಲಿ ಪೋಣಿಸಿದ ಮಣಿಗಳೆಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಅರವತ್ತು ವರ್ಷ ಹೊಳೆಯಲಿಲ್ಲ.

64ನೆಯ ವಯಸ್ಸಿನಲ್ಲಿ ಬಲಮೊಣಕಾಲು ಪೂರ್ತಿ ಸವೆದು, ರಾತ್ರಿಯ ನಿದ್ರೆಗೂ ನೋವು ಅಡ್ಡಿಯಾದಾಗ, ಶಸ್ತ್ರಕ್ರಿಯೆಯಾಯಿತು. ಎಲ್ಲಿ ಯಾರಿಂದ ಎಂಬುದು ಇಲ್ಲಿ ಅಪ್ರಸ್ತುತ. ಹೊಲಿಗೆ ಬಿಚ್ಚಿದ ಮಾರನೆಯ ದಿನ ಗಾಯದ ಒಂದು ಕೊನೆ ಬಿಟ್ಟುಕೊಂಡಿತು, ಪುನಃ ಹೊಲಿದರು. ವ್ಯಾಯಾಮ ಮಾಡಿಸುವವರು ಬಂದಾಗ ಅಕ್ಕನನ್ನು ಬಹಳ ಹೊಗಳಿದರು. ಪಕ್ಕದ ಹಾಸಿಗೆಯವರು ಕಾಲನ್ನು ಮಡಿಸಲಾರದೆ ಅಳುತ್ತಿದ್ದರೆ, ಇವಳ ಮೊಣಕಾಲು ಮೊದಲನೆಯ ವಾರದಲ್ಲಿಯೇ ಹೇಳಿದಷ್ಟು ಬಾಗುತ್ತಿತ್ತು. “ಎಲ್ಲರೂ ಇವರಂತೆ ಇರಬೇಕು” ಎಂದರು. ನಾವೂ ಹಿಗ್ಗಿದೆವು. ಆ ಸಲೀಸೇ ಮುಂದಿನ ಕೇಡಿನ ಮುನ್ಸೂಚನೆಯೆಂದು ಆಗ ತಿಳಿದಿರಲಿಲ್ಲ.

ನಾಲ್ಕನೆಯ ತಿಂಗಳಿನ ಹೊತ್ತಿಗೆ ಅವಳು ಮೆಟ್ಟಿಲನ್ನು ಇಳಿಯುವಾಗ ತಡೆದು ನಿಲ್ಲತೊಡಗಿದಳು. ಹತ್ತುವುದಕ್ಕೆ ಅಷ್ಟು ಕಷ್ಟವಿಲ್ಲ, ಇಳಿಯುವುದಕ್ಕೆ ಭಯ. ಕುರ್ಚಿಯಿಂದ ಏಳುವಾಗ ಒಳಗೆ ಏನೋ ಮುಂದಕ್ಕೆ ಸರಿದಂತಾಗುವುದೆನ್ನುವಳು. ಸಂಜೆಯ ಹೊತ್ತಿಗೆ ಮಂಡಿ ಊದಿಕೊಳ್ಳುವುದು. ಮೂರು ಬಾರಿ ಚಿತ್ರ ತೆಗೆಸಿದೆವು; ಮೂರು ಬಾರಿಯೂ “ಕೀಲು ಸರಿಯಾಗಿ ಕುಳಿತಿದೆ, ಧೈರ್ಯ ತಂದುಕೊಳ್ಳಿ” ಎಂಬ ಉತ್ತರವೇ ಬಂದಿತು. ಒಂದು ದಿನ ನಮ್ಮ ಮನೆಯ ಹಿತ್ತಿಲಿನ ನಾಲ್ಕು ಮೆಟ್ಟಿಲುಗಳ ಮೇಲೆ ಅವಳು ಗೋಡೆಯನ್ನು ಹಿಡಿದು ನಿಂತುಬಿಟ್ಟಾಗ ನಾನು ಬೇಸತ್ತು, “ಅಕ್ಕಾ, ಎಕ್ಸ್‌ರೇ ನೋಡಿದ ಡಾಕ್ಟರು ಸುಳ್ಳು ಹೇಳುವರೆ? ಇದೆಲ್ಲ ನಿನ್ನ ಮನಸ್ಸಿನ ಭೀತಿ” ಎಂದೆನು. ಅವಳು ನನ್ನನ್ನು ನೋಡಿ, “ಕಾಲು ನನ್ನದು ಕಣೋ. ಜಾರುವುದು ನನಗೆ ಗೊತ್ತಾಗುತ್ತದೆ” ಎಂದಳು. ಮುಂದೆ ಮಾತಾಡಲಿಲ್ಲ. ಅದಾದ ಮೇಲೆ ಎರಡು ತಿಂಗಳು ನನ್ನ ಮುಂದೆ ಆ ಮಾತನ್ನೇ ಎತ್ತಲಿಲ್ಲ. ಹಿತ್ತಿಲಿಗೆ ಹೋಗುವುದನ್ನೂ ಬಿಟ್ಟಳು.

ಅವಳ ಮಾತೇ ನಿಜವಾಗಿತ್ತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊಣಕಾಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ಗುಂಡು ತಲೆಯು ಬಟ್ಟಲಿನಂತಹ ಗುಳಿಯೊಳಗೆ ಕುಳಿತಿರುವುದು. ಅದಕ್ಕೆ ಎಲುಬೇ ಆಸರೆ. ಮೊಣಕಾಲಿನಲ್ಲಿ ಅಂತಹ ಬಟ್ಟಲಿಲ್ಲ. ತೊಡೆಯೆಲುಬಿನ ಎರಡು ಉರುಟಾದ ತುದಿಗಳು ಕೆಳಗಿನ ಜಂಘಾಸ್ಥಿಯ ಬಹುಮಟ್ಟಿಗೆ ಚಪ್ಪಟೆಯಾದ ನೆತ್ತಿಯ ಮೇಲೆ ಉರುಳುತ್ತಿರುವುವು. ಹಲಗೆಯ ಮೇಲೆ ಎರಡು ಗುಂಡುಗಳನ್ನಿಟ್ಟಂತೆ! ಅವು ಜಾರದಿರುವುದಕ್ಕೆ ಕಾರಣ ಎಲುಬಿನ ಆಕಾರವಲ್ಲ, ಸುತ್ತಲಿನ ಕಟ್ಟುಗಳು. ಇಕ್ಕೆಲಗಳಲ್ಲಿ ಎರಡು, ಒಳಗೆ ಕತ್ತರಿಯಂತೆ ಒಂದನ್ನೊಂದು ಹಾಯ್ದು ಎರಡು, ಹೀಗೆ ಮುಖ್ಯವಾಗಿ ನಾಲ್ಕು ಕಟ್ಟುಗಳಿವೆ. ಡಾಕ್ಟರುಗಳು ಇವನ್ನು ಲಿಗಮೆಂಟ್ ಎನ್ನುವರು. ಕನ್ನಡದ ಪಠ್ಯಪುಸ್ತಕಗಳಲ್ಲಿ ಅಸ್ಥಿರಜ್ಜು ಎಂದಿದೆ. ಇವಕ್ಕೆ ತೊಡೆಯ ಮಾಂಸಖಂಡಗಳು ಬೆಂಬಲ.

ಇಲ್ಲಿ ಹಳೆಯ ಅಧ್ಯಾಪಕನ ಚಾಪಲ್ಯವನ್ನು ವಾಚಕರು ಕ್ಷಮಿಸಬೇಕು. ನಾವು ಈಗ ಸ್ನಾಯು ಎಂಬ ಶಬ್ದವನ್ನು ಮಾಂಸಖಂಡ ಎಂಬರ್ಥದಲ್ಲಿ ಬಳಸುತ್ತೇವೆ. ಶಾಲೆಯಲ್ಲಿ ನಾನೂ ಹಾಗೆಯೇ ಬಳಸಿದ್ದೇನೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಾದರೋ ಪೇಶಿಯೇ ಬೇರೆ, ಸ್ನಾಯುವೇ ಬೇರೆ. ಎಲುಬುಗಳನ್ನು ಸಂಧಿಗಳಲ್ಲಿ ಬಿಗಿಯುವ ಕಟ್ಟಿಗೆ ಅಲ್ಲಿ ಸ್ನಾಯುವೆಂದು ಹೆಸರು. ಅವು 900 ಎಂದು ಲೆಕ್ಕ ಕೊಟ್ಟಿದೆ. ಹಲಗೆಗಳನ್ನು ಹಲವು ಹುರಿಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಭಾರವನ್ನು ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳ ಬಲದಿಂದಲೇ ಮನುಷ್ಯನು ಭಾರವನ್ನು ಹೊರುವನೆಂಬ ಹೋಲಿಕೆಯೂ ಅಲ್ಲಿದೆ. ಕಾಲೇಜಿನಲ್ಲಿ ಇದನ್ನು ಓದಿದಾಗ ಅಲಂಕಾರವೆಂದು ಮೆಚ್ಚಿದ್ದೆನೇ ಹೊರತು, ನಮ್ಮ ಹಿತ್ತಿಲಿನ ಮೆಟ್ಟಿಲಿಗೆ ಅದು ಸಂಬಂಧಪಟ್ಟದ್ದೆಂದು ಎಣಿಸಿರಲಿಲ್ಲ.

ಈ ಕಟ್ಟುಗಳೂ ಚರ್ಮವೂ ರಕ್ತನಾಳಗಳ ಗೋಡೆಯೂ ಕೊಲಾಜೆನ್ ಎಂಬ ಒಂದು ಪ್ರೋಟೀನಿನ ಎಳೆಗಳಿಂದ ಬಲಗೊಂಡಿವೆ. ದೇಹದ ಅಂಗಗಳನ್ನು ಒಂದಕ್ಕೊಂದು ಕಟ್ಟುವ ಈ ಧಾತುವಿಗೆ ಸಂಯೋಜಕ ಅಂಗಾಂಶವೆಂದು ಹೆಸರು. ಕೊಲಾಜೆನ್ನಿನ ಕಟ್ಟೋಣವನ್ನು ಬಿಡಿಸಿದ ಕೀರ್ತಿ ನಮ್ಮ ದೇಶದವರಿಗೆ ಸಲ್ಲುವುದೆಂಬುದು ಎಷ್ಟು ಮಂದಿಗೆ ಗೊತ್ತು? 1922ರಲ್ಲಿ ಎರ್ನಾಕುಲಮ್ಮಿನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಬಳಿ ಶಿಷ್ಯವೃತ್ತಿ ಮಾಡಿ, ಬಳಿಕ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಗೋಪೀನಾಥ ಕರ್ತಾ ಅವರೊಡನೆ 1954 ಮತ್ತು 1955ರಲ್ಲಿ ಅವರು ಪ್ರಕಟಿಸಿದ ಶೋಧನೆಯ ಸಾರವಿಷ್ಟು: ಕೊಲಾಜೆನ್ ಎಂಬುದು ಮೂರು ಎಳೆಗಳನ್ನು ಹೊಸೆದ ಹುರಿ. ಮುಪ್ಪುರಿಯೆಂಬ ನಮ್ಮ ಮಾತು ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರತಿಯೊಂದು ಎಳೆಯಲ್ಲಿಯೂ ಮೂರಕ್ಕೊಮ್ಮೆ ಗ್ಲೈಸೀನ್ ಎಂಬ ಅತ್ಯಂತ ಚಿಕ್ಕ ಅಮೈನೋ ಆಮ್ಲ ಬರಲೇಬೇಕು. ಅದೇಕೆಂದರೆ ಹುರಿಯ ನಡುವೆ ಅದಕ್ಕಿಂತ ದೊಡ್ಡದಕ್ಕೆ ಎಡೆಯಿಲ್ಲ. ಆ ಸ್ಥಾನದಲ್ಲಿ ಬೇರೊಂದು ಬಂದು ಕುಳಿತರೆ ಹೊಸೆತ ಕೆಡುವುದು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿಗೇ ಹಿಂದಿರುಗಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು, 2001ರಲ್ಲಿ ತೀರಿಕೊಂಡರು.

ಹುಟ್ಟಿನಿಂದಲೇ ಈ ಅಂಗಾಂಶದಲ್ಲಿ ದೋಷವುಳ್ಳ ರೋಗಗಳು ಹಲವಿವೆ. ಡೆನ್ಮಾರ್ಕಿನ ಏಲರ್ಸ್ ಎಂಬ ಚರ್ಮವೈದ್ಯರು 1901ರಲ್ಲಿಯೂ ಫ್ರಾನ್ಸಿನ ಡಾನ್ಲೋಸ್ ಎಂಬವರು 1908ರಲ್ಲಿಯೂ ವರ್ಣಿಸಿದ ರೋಗಕ್ಕೆ ಅವರಿಬ್ಬರ ಹೆಸರನ್ನೂ ಸೇರಿಸಿ ಏಲರ್ಸ್–ಡಾನ್ಲೋಸ್ ಎಂದು ಕರೆಯುವರು. 2017ರ ವರ್ಗೀಕರಣದಲ್ಲಿ ಅದರ 13 ಬಗೆಗಳನ್ನು ಹೇಳಿದೆ. ಒಂದರಲ್ಲಿ ಚರ್ಮ ಹಿಗ್ಗುವುದು ಪ್ರಧಾನ. ಒಂದರಲ್ಲಿ ರಕ್ತನಾಳಗಳೇ ಒಡೆಯಬಹುದಾದ ಪ್ರಾಣಭಯ. ಹೆಚ್ಚಾಗಿ ಕಾಣುವ ಬಗೆಯಲ್ಲಿ ಕೀಲುಗಳ ಸಡಿಲವೇ ಪ್ರಧಾನ. ಈ ಕಡೆಯದಕ್ಕೆ ಕಾರಣವಾದ ವಂಶಬೀಜವು ಇನ್ನೂ ಸಿಕ್ಕಿಲ್ಲವಾದುದರಿಂದ ರಕ್ತಪರೀಕ್ಷೆಯಿಂದ ಅದನ್ನು ನಿರ್ಣಯಿಸಲಾಗುವುದಿಲ್ಲ. ರೋಗಿಯ ಮೈಯನ್ನೂ ಪೂರ್ವಕಥೆಯನ್ನೂ ನೋಡಿಯೇ ತಿಳಿಯಬೇಕು. ಮಾರ್ಫಾನ್ ಎಂಬ ಫ್ರೆಂಚ್ ವೈದ್ಯರು 1896ರಲ್ಲಿ ವರ್ಣಿಸಿದ ಇನ್ನೊಂದು ರೋಗದಲ್ಲಿ ಕೈಕಾಲುಗಳೂ ಬೆರಳುಗಳೂ ನೀಳವಾಗಿದ್ದು, ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗುವುದು. ಸಂಧಿವಾತದ ಕೆಲವು ಬಗೆಗಳಲ್ಲಿ ದೀರ್ಘಕಾಲದ ಉರಿಯೂತದಿಂದ ಕಟ್ಟುಗಳು ಸವೆದು ಸಡಿಲವಾಗುವುದೂ ಉಂಟು. ಅದರ ವಿಚಾರ ಬೇರೆ.

ಇನ್ನು ಶಸ್ತ್ರಕ್ರಿಯೆಗೆ ಬರೋಣ. ಸವೆದ ಮೊಣಕಾಲಿಗೆ ಬದಲಿಯನ್ನು ಕೂರಿಸುವ ಯತ್ನ ಹಳೆಯದು. 1890ರಷ್ಟು ಹಿಂದೆಯೇ ಬರ್ಲಿನ್ನಿನ ಗ್ಲುಕ್ ಎಂಬವರು ಆನೆಯ ದಂತದಿಂದ ತಿರುಗುಣಿಯನ್ನು ಮಾಡಿ ಕೂರಿಸಿದ್ದರು. ಅವು ನಿಲ್ಲಲಿಲ್ಲ. ಈಗಿನ ಮಾದರಿಗಳಿಗೆ ಮೂಲವೆನ್ನಬಹುದಾದ ಕೀಲನ್ನು ನ್ಯೂಯಾರ್ಕಿನಲ್ಲಿ ಇನ್ಸಾಲ್ ಮತ್ತು ಅವರ ಸಂಗಡಿಗರು 1974ರಲ್ಲಿ ಬಳಕೆಗೆ ತಂದರು. ನಾವು ಹೊಸ ಮೊಣಕಾಲೆಂದು ಹೇಳಿದರೂ ವಸ್ತುತಃ ಹೊಸದಾದುದು ಎಲುಬಿನ ತುದಿಗಳಿಗೆ ತೊಡಿಸಿದ ಕವಚ ಮಾತ್ರ. ಮೇಲಿನ ತುದಿಗೆ ಕೋಬಾಲ್ಟ್–ಕ್ರೋಮಿಯಮ್ ಮಿಶ್ರಲೋಹ, ಕೆಳಗೆ ಸಾಮಾನ್ಯವಾಗಿ ಟೈಟಾನಿಯಮ್ ತಟ್ಟೆ, ನಡುವೆ ಗಟ್ಟಿಯಾದ ಪಾಲಿಎಥಿಲೀನ್ ಬಿಲ್ಲೆ. ಒಳಗಿನ ಎರಡು ಕಟ್ಟುಗಳಲ್ಲಿ ಮುಂದಿನದನ್ನು ಸಾಧಾರಣವಾಗಿ ತೆಗೆದುಬಿಡುವರು; ಹಿಂದಿನದನ್ನು ಕೆಲವರು ಉಳಿಸುವರು, ಕೆಲವರು ತೆಗೆದು ಅದರ ಕೆಲಸವನ್ನು ಬಿಲ್ಲೆಯ ನಡುವಿನ ಒಂದು ಗೂಟಕ್ಕೆ ಒಪ್ಪಿಸುವರು. ಇಕ್ಕೆಲದ ಕಟ್ಟುಗಳಾದರೋ ರೋಗಿಯವೇ. ಅವೇ ಮೊದಲಿನಿಂದ ಜೋಲಿದ್ದರೆ? ನವಾರಿನ ಮಂಚಕ್ಕೆ ಹೊಸ ಕಾಲುಗಳನ್ನು ಹಾಕಿಸಿ, ಜೋಲುಬಿದ್ದ ನವಾರನ್ನು ಹಾಗೆಯೇ ಬಿಟ್ಟಂತಾಗುವುದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಸ್ತ್ರವೈದ್ಯರು ಎಲುಬುಗಳ ತುದಿಯನ್ನು ಕತ್ತರಿಸಿದಾಗ ನಡುವೆ ಒಂದು ಎಡೆ ಏರ್ಪಡುವುದು. ಕಾಲು ನೀಡಿದಾಗಿನ ಎಡೆಯೂ ಮಡಿಸಿದಾಗಿನ ಎಡೆಯೂ ಒಂದೇ ಅಳತೆಯಾಗಿರಬೇಕು. ಆಗ ಒಂದೇ ಬಿಲ್ಲೆಯು ಎರಡು ಭಂಗಿಯಲ್ಲಿಯೂ ಬಿಗಿಯಾಗಿ ಕೂರುವುದು. ಸಡಿಲ ಮೈಯವರಲ್ಲಿ ಮಡಿಸಿದಾಗಿನ ಎಡೆ ಹೆಚ್ಚು ಬಾಯಿಬಿಡುವುದುಂಟು. ನೀಡಿದ ಕಾಲಿಗೆ ಸರಿಯಾದ ಬಿಲ್ಲೆಯನ್ನು ಹಾಕಿದರೆ ಮಡಿಸಿದಾಗ ಅದು ಸಾಲದು; ಮಡಿಸಿದ ಕಾಲಿಗೆ ಸಾಕಾಗುವಷ್ಟು ದಪ್ಪವಾದುದನ್ನು ಹಾಕಿದರೆ ಕಾಲನ್ನು ನೆಟ್ಟಗೆ ನೀಡಲಾಗದು. ಅಲ್ಲದೆ, ಸವೆದ ಮೊಣಕಾಲುಳ್ಳ ಬಹುಮಂದಿಯಲ್ಲಿ ಕಟ್ಟುಗಳು ಸೆಟೆದುಕೊಂಡಿರುವುದರಿಂದ ಅವನ್ನು ಅಲ್ಲಲ್ಲಿ ಬಿಡಿಸಿ ಸಡಿಲಿಸುವುದು ವೈದ್ಯರಿಗೆ ರೂಢಿ. ಸಡಿಲವಾದವರಲ್ಲಿ ಅದೇ ರೂಢಿ ಅಪಾಯ. ಮೇಜಿನ ಮೇಲೆ ಬಿಗಿಯಾಗಿಯೇ ತೋರಿದ್ದು ತಿಂಗಳುಗಳು ಕಳೆದಂತೆ ಹಿಗ್ಗಿ ಸಡಿಲವಾಗುವುದೂ ಇವರಲ್ಲಿ ಉಂಟು. ನಿಂತಾಗ ಮೊಣಕಾಲು ಬಿಲ್ಲಿನಂತೆ ಹಿಂದಕ್ಕೆ ಬಾಗುವುದು ಇನ್ನೊಂದು ತೊಂದರೆ.

ಹಾಗಾದರೆ ಎಕ್ಸ್‌ರೇ ಚಿತ್ರಗಳಲ್ಲಿ ಅದು ಏಕೆ ಕಾಣಲಿಲ್ಲ? ಕಾಲನ್ನು ನೀಡಿಕೊಂಡು ತೆಗೆಸಿದ ಚಿತ್ರದಲ್ಲಿ ಮಡಿಸಿದಾಗಿನ ಸಡಿಲ ಕಾಣುವುದು ಹೇಗೆ? ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ ಮೊಣಕಾಲು ಮಡಿಸಿರುವುದು, ಆಗಲೇ ಜಾರುವುದು. ಪ್ರತಿದಿನ ಹಾಗೆ ಸರಿದಾಡುವುದರಿಂದ ಒಳಪೊರೆ ಕೆರಳಿ ನೀರು ತುಂಬುವುದು. ಅಕ್ಕನು ಹೇಳಿದ ಒಂದೊಂದು ಲಕ್ಷಣವೂ ಪುಸ್ತಕದಲ್ಲಿದ್ದಂತೆಯೇ ಇತ್ತು.

ಇದನ್ನು ಕಂಡುಹಿಡಿದವರು ಬೇರೊಂದು ಊರಿನ ವಯಸ್ಸಾದ ಶಸ್ತ್ರವೈದ್ಯರು. ನಮ್ಮ ಅಕ್ಕನ ಮಗಳು ಹಟ ಹಿಡಿದು ಅವರಲ್ಲಿಗೆ ಕರೆದೊಯ್ದಳು. ನಾನು ಜೊತೆಗೆ ಹೋದೆನು. ನಾನು ಚಿತ್ರಗಳ ಲಕೋಟೆಯನ್ನು ಮುಂದೆ ಚಾಚಿದರೆ ಅವರು ತೆಗೆದುಕೊಳ್ಳಲಿಲ್ಲ. ಅಕ್ಕನನ್ನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಮೊಣಕಾಲಿನ ಕೆಳಭಾಗವನ್ನು ಎರಡು ಕೈಗಳಿಂದಲೂ ಹಿಡಿದು ಮುಂದಕ್ಕೆ ಎಳೆದರು. ಮೇಜಿನ ಸೆಳೆಖಾನೆಯಂತೆ ಅದು ಮುಂದಕ್ಕೆ ಬಂದಿತು! ನಾನು ಕಣ್ಣಾರೆ ಕಂಡೆನು. ಆಮೇಲೆ ಅವರು, “ಅಮ್ಮಾ, ಚಿಕ್ಕವರಿದ್ದಾಗ ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ಆಟವಾಡುತ್ತಿದ್ದಿರೇನು?” ಎಂದು ಕೇಳಿದರು. ಅಕ್ಕ ನಕ್ಕು, ಮಾತಾಡದೆ ಹೆಬ್ಬೆರಳನ್ನು ಮುಂದೋಳಿಗೆ ತಾಕಿಸಿ ತೋರಿಸಿದಳು. ನಾನು ತಲೆ ತಗ್ಗಿಸಿದೆನು.

ಅವರು ಬಳಸಿದ ಪರೀಕ್ಷೆ ಮನೆಯಲ್ಲಿಯೂ ಗಮನಿಸಬಹುದಾದಷ್ಟು ಸುಲಭ. ಬೀಟನ್ ಎಂಬವರ ಹೆಸರಿನ ಆ ಲೆಕ್ಕದಲ್ಲಿ ಒಟ್ಟು 9 ಅಂಕ: ಕಿರುಬೆರಳು ಲಂಬಕ್ಕಿಂತ ಹಿಂದಕ್ಕೆ ಬಾಗುವುದು, ಹೆಬ್ಬೆರಳು ಮುಂದೋಳನ್ನು ತಾಕುವುದು, ಮೊಣಕೈಯೂ ಮೊಣಕಾಲೂ ನೆಟ್ಟಗಿನ ರೇಖೆಯನ್ನು 10 ಅಂಶಕ್ಕೂ ಮೀರಿ ಹಿಂದಕ್ಕೆ ಬಾಗುವುದು, ಇವು ಎಡಬಲಗಳಿಗೆ ಒಂದೊಂದರಂತೆ ಎಂಟು; ಬಗ್ಗಿ ಅಂಗೈಗಳನ್ನು ನೆಲಕ್ಕೆ ಹತ್ತಿಸಿದರೆ ಒಂದು. ವಯಸ್ಕರಲ್ಲಿ 5, ಐವತ್ತು ದಾಟಿದವರಲ್ಲಿ 4 ಬಂದರೆ ಕೀಲುಗಳು ಸಡಿಲವೆಂದು ಎಣಿಸುವರು. ಅಕ್ಕನಿಗೆ ಆ ವಯಸ್ಸಿನಲ್ಲಿಯೂ 5 ಬಂದಿತು. ಇಷ್ಟರಿಂದಲೇ ರೋಗವೆಂದು ಯಾರೂ ಗಾಬರಿಪಡತಕ್ಕದ್ದಲ್ಲ. ಸಡಿಲ ಕೀಲಿನ ಎಷ್ಟೋ ಮಂದಿ ಆರೋಗ್ಯವಾಗಿರುವರು. ಅದರೊಡನೆ ಕೀಲು ಕಳಚುವುದು, ಮೈ ಕಂದುವುದು, ಅಗಲವಾದ ಕಲೆಗಳು, ಅಂಡವಾಯು ಅಥವಾ ಗರ್ಭಕೋಶ ಜಾರುವುದು, ಹಲ್ಲು ಕೀಳುವಾಗ ಮರಗಟ್ಟಿಸುವ ಔಷಧ ಹತ್ತದಿರುವುದು, ವಂಶದಲ್ಲಿ ಮಹಾಧಮನಿಯ ತೊಂದರೆಯಿಂದ ಹಠಾತ್ ಮರಣ, ಇಂತಹವು ಇದ್ದರೆ ಶಸ್ತ್ರಕ್ರಿಯೆಗೆ ಮೊದಲೇ, ಡಾಕ್ಟರು ಕೇಳದಿದ್ದರೂ, ನಾವಾಗಿಯೇ ಹೇಳಬೇಕು. ನಾವು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ತಪ್ಪನ್ನು ಒಂದೇ ಕಡೆಗೆ ಹೊರಿಸಲು ನನಗೆ ಮನಸ್ಸಿಲ್ಲ. ಮೈಕಟ್ಟು ಗಟ್ಟಿಯಾಗಿದ್ದವರಲ್ಲಿಯೂ ಎಡೆಗಳ ಅಳತೆ ತಪ್ಪಿದರೆ ಕೀಲು ಜಾರುವುದೆಂಬುದನ್ನೂ ನೆನಪಿಡಬೇಕು.

ಎರಡನೆಯ ಶಸ್ತ್ರಕ್ರಿಯೆಗೆ ಆ ವೈದ್ಯರು ಅವಸರ ಮಾಡಲಿಲ್ಲ. ಊದಿದ ಹೊಸ ಕೀಲಿನಲ್ಲಿ ಮೊದಲು ಶಂಕಿಸಬೇಕಾದುದು ಕೀವು ಎಂದು ಹೇಳಿ, ರಕ್ತವನ್ನೂ ಸೂಜಿಯಿಂದ ತೆಗೆದ ಕೀಲಿನ ನೀರನ್ನೂ ಪರೀಕ್ಷೆ ಮಾಡಿಸಿದರು. ಹೃದಯದ ಚಿತ್ರವನ್ನು ತೆಗೆಸಿದರು. ಮೊಣಕಾಲಿಗೆ ಪಟ್ಟಿ ಕಟ್ಟಿಸಿ ಆರು ತಿಂಗಳು ತೊಡೆಯ ಮಾಂಸಖಂಡಗಳಿಗೆ ಬಲ ಬರುವ ವ್ಯಾಯಾಮವನ್ನು ಮಾಡಿಸಿದರು. ಕೆಲವರಿಗೆ ಇಷ್ಟರಲ್ಲಿಯೇ ಗುಣ ಕಾಣುವುದಂತೆ. ಅಕ್ಕನಿಗೆ ಊತ ತಗ್ಗಿತು, ಜಾರುವುದು ನಿಲ್ಲಲಿಲ್ಲ. “ಬಿಲ್ಲೆಯನ್ನಷ್ಟೇ ದಪ್ಪ ಮಾಡಿ ಹಾಕಬಹುದಲ್ಲವೆ?” ಎಂದು ನಾನು ಕೇಳಿದೆನು. ಅದು ಸುಲಭ, ಆದರೆ ಅದೊಂದರಿಂದಲೇ ಗುಣವಾಗುವುದೆಂಬ ಭರವಸೆ ಸಾಲದು ಎಂದರು.

ಕೀಲಿನ ಮಾದರಿಗಳಲ್ಲಿ ಮೆಟ್ಟಿಲುಗಳಿವೆಯಂತೆ. ಮೊದಲನೆಯವು ಎಲ್ಲವನ್ನೂ ರೋಗಿಯ ಕಟ್ಟುಗಳಿಗೆ ಬಿಡುವುವು; ನಡುವಿನವು ಎತ್ತರವಾದ ಗೂಟದಿಂದ ಅಕ್ಕಪಕ್ಕದ ಓಲಾಟವನ್ನೂ ತಡೆಯುವುವು; ಕಡೆಯದು ಬಾಗಿಲಿನ ಕೀಲಿನಂತೆ ಎರಡು ಭಾಗಗಳನ್ನೂ ಒಂದಕ್ಕೊಂದು ಸೇರಿಸಿದ ತಿರುಗುಣಿ. ಹಾಗಾದರೆ ಎಲ್ಲರಿಗೂ ತಿರುಗುಣಿಯನ್ನೇ ಏಕೆ ಹಾಕಬಾರದು? ಕಟ್ಟುಗಳು ಹೊರುತ್ತಿದ್ದ ಎಳೆತವು ಆಗ ಲೋಹದ ಮೂಲಕ ಎಲುಬಿಗೂ ಅದನ್ನು ಹಿಡಿದ ಸಿಮೆಂಟಿಗೂ ಹೋಗಿ ಬೀಳುವುದು. ವರ್ಷಗಳು ಕಳೆದಂತೆ ಬುಡವೇ ಅಲುಗಬಹುದು. ಗಟ್ಟಿಯಾದ ಬಾಗಿಲಿನ ಭಾರಕ್ಕೆ ಚೌಕಟ್ಟು ಕಿತ್ತುಬರುವುದನ್ನು ನಾವು ಕಂಡಿಲ್ಲವೆ? ಅಕ್ಕನ ಇಕ್ಕೆಲದ ಕಟ್ಟುಗಳು ಪೂರ್ತಿ ಕೆಟ್ಟಿರಲಿಲ್ಲವಾದುದರಿಂದ ನಡುವಿನ ಮಾದರಿಯನ್ನು ಆರಿಸಿದರು. “ಇದೂ ಮುಂದೆ ಸ್ವಲ್ಪ ಸಡಿಲವಾಗಬಹುದು. ಆಗುವುದಿಲ್ಲವೆಂದು ನಾನು ಮಾತು ಕೊಡಲಾರೆ” ಎಂದು ಅವಳಿಗೇ ಹೇಳಿದರು. ಅವಳು ಒಂದು ರಾತ್ರಿ ಯೋಚಿಸಿ ಒಪ್ಪಿದಳು. ನನ್ನ ಅಭಿಪ್ರಾಯವನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಾರಿ ಹೊಲಿಗೆಗಳನ್ನು ಸಾಮಾನ್ಯಕ್ಕಿಂತ ಸುಮಾರು ಎರಡರಷ್ಟು ಕಾಲ ಬಿಟ್ಟಿದ್ದರು; ಗಾಯ ಕೂಡಿಕೊಂಡಿತು. ಮಡಿಸುವ ವ್ಯಾಯಾಮವನ್ನು ಅವಸರಿಸಲಿಲ್ಲ. ಕಾಲು ಹಿಂದಕ್ಕೆ ಬಾಗದಂತೆ ಪಟ್ಟಿ ಕಟ್ಟಿ, ಬಲ ಬರುವುದಕ್ಕೇ ಗಮನ ಕೊಟ್ಟರು. ಪದ್ಮಾಸನವನ್ನೂ ನೆಲದ ಮೇಲೆ ಊಟಕ್ಕೆ ಕೂರುವುದನ್ನೂ ಬಿಡಿಸಿದರು. ಶ್ರಾದ್ಧದ ದಿನ ಕುರ್ಚಿಯಲ್ಲಿ ಕುಳಿತು ಊಟ ಮಾಡಬೇಕಾಯಿತೆಂದು ಅವಳಿಗೆ ಒಳಗೊಳಗೆ ನೋವು. ನಾನೂ ಒಂದು ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತೆನು. ನನ್ನ ಮಂಡಿಯೂ ಈಗ ಏನೂ ಹೊಸದಲ್ಲ.

ಈ ರೋಗಗಳಲ್ಲಿ ಹೆಚ್ಚಿನವು ವಂಶದಲ್ಲಿ ಇಳಿಯತಕ್ಕವು. ಸಾಮಾನ್ಯ ಬಗೆಗಳಲ್ಲಿ ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅಕ್ಕನ ಮೊಮ್ಮಗಳಿಗೆ ಹನ್ನೊಂದು ವರ್ಷ. ಕಳೆದ ಬೇಸಗೆಯಲ್ಲಿ ಅವಳು ನಮ್ಮ ಜಗುಲಿಯಲ್ಲಿ ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ತೋರಿಸಿದಾಗ ನಾವಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಅವಳನ್ನು ಹತ್ತಿರಕ್ಕೆ ಕರೆದು, ಹಾಗೆ ಮಾಡಬಾರದೆಂದು ಗದರಿಸದೆ, “ಬಾ, ನನ್ನ ಜೊತೆ ಕಾಲಿನ ವ್ಯಾಯಾಮ ಮಾಡು” ಎಂದಳು. ಈಗ ರಜೆ ಬಂದರೆ ಇಬ್ಬರೂ ಬೆಳಿಗ್ಗೆ ಗೋಡೆಗೆ ಒರಗಿ ನಿಂತು ಮಾಡುವರು.

ಎಡಮೊಣಕಾಲೂ ಸವೆದಿದೆ. ಅದರ ವಿಷಯವನ್ನು ಬರುವ ಚಳಿಗಾಲದಲ್ಲಿ ನೋಡೋಣವೆಂದು ವೈದ್ಯರು ಹೇಳಿದ್ದಾರೆ. ಈ ಸಲ ಪೂರ್ವಕಥೆಯನ್ನೆಲ್ಲ ನಾನೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮೊನ್ನೆ ಅಕ್ಕ ಹಿತ್ತಿಲಿನ ಮೆಟ್ಟಿಲುಗಳನ್ನು ಇಳಿದು ಕರಿಬೇವನ್ನು ಕೊಯ್ಯಲು ಹೋದಳು. ನಾನು ಕೆಳಗೆ ನಿಂತು ಕೈ ಚಾಚಿದೆನು. “ಕೈ ಬೇಡವೋ, ಗೋಡೆಯಿದೆ” ಎಂದು ಒಂದೊಂದಾಗಿ ಇಳಿದಳು.